ಗ್ರಾಹಿ ಜೀನಿನ ಓದು: ತಪ್ಪು ಯಾವುದು, ನಿಜ ಯಾವುದು?

ಜೀನಿನ ತುಣುಕುಗಳು ಮರುಜೋಡಣೆಗೊಂಡು ಬಗೆಬಗೆಯ ಪ್ರತಿಕಾಯಗಳು ಉಂಟಾಗುತ್ತವೆಂದು 1976ರಲ್ಲಿ ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಸಂದಿತು. ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಸೋಂಕಿನ ಬಳಿಕ ಬಿ ಕೋಶಗಳು ತಮ್ಮ ಗ್ರಾಹಿಯ ಜೀನಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರವನ್ನೂ ಬದಲಿಸಿಕೊಳ್ಳುತ್ತವೆ. ಅದನ್ನು ಓದಲು ಪ್ರಯೋಗಾಲಯದಲ್ಲಿ ಜೀನನ್ನು ಹಲವು ಬಾರಿ ನಕಲು ಮಾಡಬೇಕು. ನಕಲಿನಲ್ಲಿ ತಪ್ಪು ನುಸುಳುತ್ತದೆ. ಕಂಡ ವ್ಯತ್ಯಾಸ ಕೋಶದ್ದೋ, ನಕಲಿನದೋ?

ಇದಕ್ಕಾಗಿ ನಕಲಿಗೆ ಮುನ್ನವೇ ಪ್ರತಿ ಅಣುವಿಗೂ ಬೇರೆ ಬೇರೆ ಗುರುತು ಅಂಟಿಸುತ್ತಾರೆ. ಒಂದೇ ಗುರುತಿನ ಪ್ರತಿಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುವುದು ತಪ್ಪು. ಎಲ್ಲದರಲ್ಲೂ ಇರುವುದು ಬಹುಮಟ್ಟಿಗೆ ನಿಜ. (‘ಬಹುಮಟ್ಟಿಗೆ’ ಎಂಬುದನ್ನು ಬಿಡಬಾರದು, ಗುರುತು ಅಂಟಿಸುವಾಗಲೇ ಆದ ತಪ್ಪು ಎಲ್ಲ ಪ್ರತಿಗಳಲ್ಲೂ ಉಳಿಯುತ್ತದೆ.) ಮಾದರಿ ಯಾರದು, ಹೇಗೆ ಓದಿದ್ದು, ದತ್ತಾಂಶವನ್ನು ಹೇಗೆ ಸಂಸ್ಕರಿಸಿದ್ದು ಎಂಬುದೆಲ್ಲ ದಾಖಲಾಗಿರಬೇಕೆಂದು ಎಐಆರ್‌ಆರ್ ಸಮುದಾಯದ 2017ರ ಮಾನದಂಡ ವಿಧಿಸುತ್ತದೆ.

ತರಗತಿಯಲ್ಲಿ ಒಂದನೆಯ ಗುಂಪಿಗೆ ‘ಮಳೆ ಬಂತು’, ಎರಡನೆಯದಕ್ಕೆ ‘ಬೆಳೆ ಬಂತು’ ಎಂಬ ಚೀಟಿ ಕೊಟ್ಟು, ಗುಂಪಿನ ಸಂಖ್ಯೆಯೊಡನೆ ಪ್ರತಿಯೊಬ್ಬರಿಂದಲೂ ಬೇಗಬೇಗನೆ ನಕಲು ಮಾಡಿಸಿರಿ. ಒಂದನೆಯ ಗುಂಪಿನ ಒಬ್ಬನಿಗೆ ‘ಬೆಳೆ’ ಎಂದೇ ಬರೆಯಲು ಗುಟ್ಟಾಗಿ ಹೇಳಿರಿ. ಸಂಖ್ಯೆ ನೋಡಿ ಮಕ್ಕಳು ತಪ್ಪನ್ನು ಹಿಡಿಯುತ್ತಾರೆ. ಆಮೇಲೆ ಸಂಖ್ಯೆಗಳನ್ನು ಅಳಿಸಿ, ಚೀಟಿಗಳನ್ನು ಬೆರೆಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿರಿ.