ಬೆಂಕಿಪೊಟ್ಟಣದ ರೈಲು

ಮಕ್ಕಳೇ, ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ರೈಲು ಮಾಡಿ ಆಡಿದ್ದೀರಲ್ಲವೇ? ದಾರ ಕಟ್ಟಿ ಎಳೆದರೆ ಆ ರೈಲು ಓಡುತ್ತದೆ. ದಾರವಿಲ್ಲದೆ, ಯಾರೂ ನೂಕದೆ, ಅದು ತಾನಾಗಿಯೇ ಓಡುವಂತೆ ತೋರಿಸಲು ಸಾಧ್ಯವೇ? ಸಾಧ್ಯ. ಹೇಗೆಂದು ತಿಳಿಯೋಣ ಬನ್ನಿ.

ಸಿನಿಮಾದಲ್ಲಿ ಇರುವುದೆಲ್ಲ ನಿಂತ ಚಿತ್ರಗಳೇ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಚಿತ್ರಗಳು ಒಂದರ ಹಿಂದೆ ಒಂದು ತೆರೆಯ ಮೇಲೆ ಬರುತ್ತವೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಬಹಳ ಕಡಿಮೆ. ಅವು ಬೇಗ ಬೇಗ ಬರುವುದರಿಂದ ನಮಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಚಿತ್ರವೇ ಚಲಿಸಿದಂತೆ ಕಾಣುತ್ತದೆ.

ನಾರಾಯಣಪೇಟೆಯಲ್ಲಿ, ಗದ್ವಾಲದಲ್ಲಿ ನೇಕಾರರು ಸೀರೆ ನೇಯುವುದನ್ನು ನೀವು ನೋಡಿರಬಹುದು. ಲಾಳಿ ಒಂದು ಸಲ ಓಡಿದರೆ ಒಂದೇ ಎಳೆ ಸೇರುತ್ತದೆ. ಆ ಒಂದು ಎಳೆಯಲ್ಲಿ ಏನೂ ಕಾಣದು. ಎಳೆಗೆ ಎಳೆ ಕೂಡಿದಾಗ ನಾರಾಯಣಪೇಟೆ ಸೀರೆಯ ಚೌಕಳಿಯೂ ಗದ್ವಾಲ ಸೀರೆಯ ರೇಷ್ಮೆ ಸೆರಗೂ ಮೂಡುತ್ತವೆ. ಚಿತ್ರದ ಆಟವೂ ಹೀಗೆಯೇ. ವಸ್ತುವನ್ನು ಸ್ವಲ್ಪ ಸರಿಸಬೇಕು, ಒಂದು ಫೋಟೋ ತೆಗೆಯಬೇಕು. ಮತ್ತೆ ಸ್ವಲ್ಪ ಸರಿಸಬೇಕು, ಮತ್ತೊಂದು ಫೋಟೋ ತೆಗೆಯಬೇಕು. ಇದಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು.

ನಮ್ಮ ದೇಶದಲ್ಲಿ ಹೀಗೆ ಒಂದೊಂದೇ ಚಿತ್ರ ತೆಗೆದು ಕೂಡಿಸಿದವರಲ್ಲಿ ದಾದಾಸಾಹೇಬ ಫಾಲ್ಕೆ ಮೊದಲಿಗರು. ಅವರು 1912ರಲ್ಲಿ ಲಂಡನ್ನಿಗೆ ಹೋಗಿ ಸಿನಿಮಾ ಕೆಲಸ ಕಲಿತು, ಕ್ಯಾಮೆರಾ ಕೊಂಡು ತಂದರು. ಆದರೆ ಸಿನಿಮಾ ತೆಗೆಯಲು ಹಣವಿರಲಿಲ್ಲ. ಭಾರತದಲ್ಲಿ ಸಿನಿಮಾ ಮಾಡಬಹುದೆಂದು ಹಣವುಳ್ಳವರಿಗೆ ನಂಬಿಕೆ ಬರಬೇಕಲ್ಲ? ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಬಿತ್ತಿದರು. ಅದರ ಎದುರು ಕ್ಯಾಮೆರಾ ಇಟ್ಟು ದಿನಗಟ್ಟಲೆ ಒಂದೊಂದೇ ಚಿತ್ರ ತೆಗೆದರು. ಚಿತ್ರಗಳನ್ನು ಓಡಿಸಿದಾಗ ಮೊಳಕೆ ಒಡೆದು, ಎಲೆ ಬಿಟ್ಟು, ಬಳ್ಳಿ ಮೇಲೇರಿತು! ದಿನಗಟ್ಟಲೆ ನಡೆದ ಬೆಳವಣಿಗೆಯನ್ನು ಜನರು ಕುಳಿತಲ್ಲೇ ಕಂಡರು. ಈ ಪುಟ್ಟ ಗಿಡ ಅವರಿಗೆ ಹಣ ಒದಗಿಸಿತು. ಪತ್ನಿ ಸರಸ್ವತಿಬಾಯಿ ತಮ್ಮ ಒಡವೆಗಳನ್ನೂ ಕೊಟ್ಟರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದಿತು. ಮುಂದೆ 1915ರಲ್ಲಿ ಫಾಲ್ಕೆಯವರು ಬೆಂಕಿಕಡ್ಡಿಗಳೇ ಓಡಾಡುವ ಒಂದು ಚಿಕ್ಕ ಚಿತ್ರವನ್ನೂ ಮಾಡಿದರು.

ಈಗ ನಮ್ಮ ರೈಲನ್ನು ಓಡಿಸೋಣ. ರಾಯಚೂರಿನಿಂದ ಹೊರಟ ರೈಲು ನದಿಯ ಸೇತುವೆ ದಾಟಿ ಮಕ್ತಲ್ ಸೀಮೆಯ ಕೃಷ್ಣಾ ನಿಲ್ದಾಣಕ್ಕೆ ಬರುತ್ತದೆ. ಅದೇ ನಮ್ಮ ಕಥೆ.

ಮೇಜಿನ ಮೇಲೆ ನೀಲಿ ಕಾಗದ ಹಾಸಿರಿ. ಅದು ನದಿ. ಅದರ ಮೇಲೆ 60 ಸೆಂಟಿಮೀಟರ್ ಉದ್ದದ ರಟ್ಟಿನ ಸೇತುವೆ ಇಡಿರಿ. ಗುರುಗಳ ಅಥವಾ ಮನೆಯ ಹಿರಿಯರ ಫೋನನ್ನು ಕೇಳಿ ಪಡೆಯಿರಿ. ಅದನ್ನು ಎರಡು ಇಟ್ಟಿಗೆಗಳ ನಡುವೆ ಅಲುಗದಂತೆ ನಿಲ್ಲಿಸಿರಿ. ರೈಲು ಸರಿಯಬೇಕು, ಫೋನು ಸರಿಯಬಾರದು. ಬಿಸಿಲು ನೆರಳು ಬದಲಾಗದ ಜಾಗವನ್ನು ಆರಿಸಿರಿ. ಇಲ್ಲವಾದರೆ ಚಿತ್ರ ಮಿಣುಕುತ್ತದೆ.

ರೈಲನ್ನು ಅರ್ಧ ಸೆಂಟಿಮೀಟರ್ ಮುಂದೆ ಸರಿಸಿರಿ. ಕೈ ಹಿಂದೆ ತೆಗೆದು ಫೋಟೋ ತೆಗೆಯಿರಿ. 60 ಸೆಂಟಿಮೀಟರ್ ದಾಟಲು 120 ಸಲ ಸರಿಸಬೇಕು. ಸೆಕೆಂಡಿಗೆ 12 ಚಿತ್ರಗಳಂತೆ ಓಡಿಸಿದರೆ ಎಷ್ಟು ಹೊತ್ತಿನ ಸಿನಿಮಾ ಆಯಿತು? ಬರೀ 10 ಸೆಕೆಂಡು!

80ನೆಯ ಚಿತ್ರದಲ್ಲಿ ಯಾರದೋ ಕೈ ತಗುಲಿ ರೈಲು ಓರೆಯಾಯಿತೆನ್ನಿ. ಅಳಬೇಕಿಲ್ಲ, ಜಗಳವಾಡಬೇಕಿಲ್ಲ. ಸ್ಟಾಪ್ ಮೋಷನ್ ಮಾಡುವ ತಂತ್ರಾಂಶಗಳಲ್ಲಿ ಹಿಂದಿನ ಚಿತ್ರವು ಮಸುಕಾಗಿ ಕಾಣುವ ಅನುಕೂಲವಿದೆ. ಈರುಳ್ಳಿಯ ತೆಳು ಪೊರೆಯಲ್ಲಿ ಒಳಗಿನದು ಕಾಣುವುದಿಲ್ಲವೇ, ಹಾಗೆ. ಆ ಮಸುಕು ಚಿತ್ರಕ್ಕೆ ಸರಿಯಾಗಿ ರೈಲನ್ನು ಮತ್ತೆ ನಿಲ್ಲಿಸಿರಿ.

ಹಳೆಯ ಉಗಿಬಂಡಿಯಂತೆ ಹೊಗೆ ಬೇಕೇ? ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಕ್ರಿಟಾದಂತಹ ಉಚಿತ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಫೋಟೋಗಳನ್ನು ತೆರೆಯಿರಿ. ಫೋಟೋದ ಮೇಲೆ ಗಾಜಿನ ಹಾಳೆ ಇಟ್ಟು ಬರೆದಂತೆ ಅಲ್ಲಿ ಹೊಗೆ ಬಿಡಿಸಬಹುದು. ಮೊದಲ ಚಿತ್ರದಲ್ಲಿ ಚುಕ್ಕೆಯಷ್ಟು, ಮುಂದಿನದರಲ್ಲಿ ಕಡಲೆಯಷ್ಟು, ಅದರ ಮುಂದೆ ನಿಂಬೆಯಷ್ಟು ಬಿಡಿಸಿರಿ. ಕೆಳಗಿನ ಫೋಟೋ ಕೆಡುವುದಿಲ್ಲ.

ಫೋನೂ ಇಲ್ಲ, ಕಂಪ್ಯೂಟರೂ ಇಲ್ಲವೇ? ಹಳೆಯ ನೋಟುಪುಸ್ತಕದ 24 ಹಾಳೆಗಳ ಮೂಲೆಯಲ್ಲಿ ರೈಲನ್ನು ಸ್ವಲ್ಪ ಸ್ವಲ್ಪ ಮುಂದೆ ಬರೆಯುತ್ತ ಹೋಗಿರಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಡಿರಿ. ರೈಲು ಓಡುತ್ತದೆ.

ಒಬ್ಬರು ರೈಲು ಸರಿಸಲಿ, ಒಬ್ಬರು ಫೋಟೋ ತೆಗೆಯಲಿ, ಒಬ್ಬರು ಲೆಕ್ಕ ಬರೆಯಲಿ. ಬೇಸರಪಟ್ಟು ಒಮ್ಮೆಲೆ ಐದು ಸೆಂಟಿಮೀಟರ್ ಸರಿಸಿದರೆ ರೈಲು ಕಪ್ಪೆಯಂತೆ ಜಿಗಿಯುತ್ತದೆ. ತಾಳ್ಮೆಯಿಂದ ಸರಿಸಿದರೆ ಖಾಲಿ ಪೊಟ್ಟಣವೂ ಕೃಷ್ಣೆಯನ್ನು ದಾಟುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ
ಲಾಳಿ – ಮಗ್ಗದಲ್ಲಿ ಅಡ್ಡ ನೂಲನ್ನು ಒಯ್ಯುವ ಸಾಧನ
ಚೌಕಳಿ – ಚೌಕ ಚೌಕವಾದ ವಿನ್ಯಾಸ
ತಂತ್ರಾಂಶ – ಕಂಪ್ಯೂಟರ್, ಫೋನುಗಳಿಂದ ಕೆಲಸ ಮಾಡಿಸುವ ಸೂಚನೆಗಳ ಗುಂಪು

ಆ) ಉತ್ತರಿಸಿರಿ
1. ಫಾಲ್ಕೆಯವರು ಬಟಾಣಿ ಗಿಡದ ಚಿತ್ರವನ್ನು ಏಕೆ ತೆಗೆದರು?
2. ಸೀರೆ ನೇಯುವುದಕ್ಕೂ ಸ್ಟಾಪ್ ಮೋಷನ್ ಮಾಡುವುದಕ್ಕೂ ಇರುವ ಹೋಲಿಕೆ ಏನು?
3. ಸೆಕೆಂಡಿಗೆ 12 ಚಿತ್ರಗಳಂತೆ 30 ಸೆಕೆಂಡಿನ ಸಿನಿಮಾಕ್ಕೆ ಎಷ್ಟು ಚಿತ್ರಗಳು ಬೇಕು?

ಇ) ಮಾಡಿ ನೋಡಿರಿ
ಹೆಸರುಕಾಳನ್ನು ಒದ್ದೆ ಬಟ್ಟೆಯ ಮೇಲೆ ಇಡಿರಿ. ದಿನಕ್ಕೆ ಮೂರು ಸಲ ಅದರ ಚಿತ್ರ ಬರೆಯಿರಿ. ಐದು ದಿನಗಳ ಬಳಿಕ ಹಾಳೆಗಳನ್ನು ಜೋಡಿಸಿ ಓಡಿಸಿರಿ. ಏನು ಕಂಡಿತೆಂದು ತರಗತಿಯಲ್ಲಿ ಹೇಳಿರಿ.