ಆಂಬುಲೆನ್ಸ್: ಗುಣಮಟ್ಟ, ವಿಶ್ವಾಸಾರ್ಹತೆ, ಅಪಘಾತ ಸುರಕ್ಷತೆ

1. 108 ಸೇವೆ: ದೇಶದಲ್ಲಿ ಮೊದಲು ಹೈದರಾಬಾದ್, 15 ಆಗಸ್ಟ್ 2005. ಕರ್ನಾಟಕದಲ್ಲಿ ‘ಆರೋಗ್ಯ ಕವಚ’, 1 ನವೆಂಬರ್ 2008.

2. ನಿರ್ಮಾಣ ಮಾನದಂಡ: ಭಾರತದ ಎಐಎಸ್-125. ಇದರಲ್ಲಿ ಆಂಬುಲೆನ್ಸ್‌ಗಳು ನಾಲ್ಕು ವಿಧ:
- ಎ: ಪ್ರಥಮ ಸ್ಪಂದನೆ, ರೋಗಿಯನ್ನು ಸಾಗಿಸುವುದಿಲ್ಲ
- ಬಿ: ರೋಗಿ ಸಾಗಣೆ
- ಸಿ: ಮೂಲ ಜೀವರಕ್ಷಕ (ಬಿಎಲ್‌ಎಸ್)
- ಡಿ: ಸುಧಾರಿತ ಜೀವರಕ್ಷಕ (ಎಎಲ್‌ಎಸ್)

ಗೊಂದಲ ಬೇಡ: ‘ಎ’ ಅತ್ಯುನ್ನತ ದರ್ಜೆಯಲ್ಲ. ಹೆಚ್ಚು ಸಲಕರಣೆ ಇರುವುದು ‘ಡಿ’ಯಲ್ಲಿ.

3. ಅಪಘಾತ ಸುರಕ್ಷತೆ: ಯುರೋಪಿನ ಮಾನದಂಡ ಇಎನ್ 1789ರಲ್ಲಿ ಸ್ಟ್ರೆಚರ್, ಸಲಕರಣೆಗಳ ಹಿಡಿತಕ್ಕೆ 10 ಜಿ (ಗುರುತ್ವದ 10 ಪಟ್ಟು) ಪರೀಕ್ಷೆ. ಡಿಕ್ಕಿಯಾದಾಗ ಬಿಗಿಯದ ಆಮ್ಲಜನಕ ಸಿಲಿಂಡರ್ ರೋಗಿಗೂ ಸಿಬ್ಬಂದಿಗೂ ಮಾರಕ. ಹಿಂಬದಿ ಸೀಟ್‌ಬೆಲ್ಟ್ ಅತಿ ಮುಖ್ಯ. ಇದನ್ನೇ ಹೆಚ್ಚಾಗಿ ಕಡೆಗಣಿಸಲಾಗುತ್ತದೆ.

4. ವಿಶ್ವಾಸಾರ್ಹತೆಯ ಅಳತೆ: ಕರೆಯಿಂದ ಸ್ಥಳ ತಲುಪುವವರೆಗಿನ ಸಮಯ, ಕೆಟ್ಟು ನಿಂತ ದಿನಗಳು, ಬದಲಿ ವಾಹನದ ಲಭ್ಯತೆ. ರಟ್ಟೀಹಳ್ಳಿಯಂಥ (ಹಾವೇರಿ ಜಿಲ್ಲೆ; ಮೊದಲು ಹಿರೇಕೆರೂರು ತಾಲ್ಲೂಕಿನ ಭಾಗ) ಹೊಸ ತಾಲ್ಲೂಕುಗಳಲ್ಲಿ ಕೊನೆಯದೇ ನಿರ್ಣಾಯಕ.

5. ಕಾನೂನು: ಮೋಟಾರು ವಾಹನ (ತಿದ್ದುಪಡಿ) ಕಾಯ್ದೆ, 2019
- ಕಲಂ 194ಇ: ದಾರಿ ಬಿಡದಿದ್ದರೆ 6 ತಿಂಗಳವರೆಗೆ ಸೆರೆ ಅಥವಾ ₹10,000 ದಂಡ ಅಥವಾ ಎರಡೂ
- ಕಲಂ 134ಎ: ಅಪಘಾತದ ಗಾಯಾಳುಗಳಿಗೆ ನೆರವಾದವರಿಗೆ ರಕ್ಷಣೆ

ಈ ಎರಡು ಕಲಂಗಳನ್ನು ಅದಲುಬದಲು ಮಾಡಬೇಡಿ.