ಸತ್ತ ಜೀನೋ, ಕಾಣದ ಜೀನೋ

ಕಣ್ಣಿನ ಮಸೂರವನ್ನು ತಿಳಿಯಾಗಿಡುವುದು ಕ್ರಿಸ್ಟಲಿನ್ ಪ್ರೋಟೀನುಗಳು. ಸಸ್ತನಿಗಳ ಜೀನೋಮುಗಳನ್ನು ಅಕ್ಕಪಕ್ಕ ಇಟ್ಟು, ಯಾರು ಯಾವ ಕ್ರಿಸ್ಟಲಿನ್ ಜೀನನ್ನು ಕಳೆದುಕೊಂಡಿದ್ದಾರೆಂದು ಹುಡುಕುವುದು ನನ್ನ ಕಸುಬು. ಹೊಸದಾಗಿ ಬಂದವರಿಗೆ ನಾನು ಹೇಳುವುದಿಷ್ಟು.

1. ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನಬೇಡಿ. ಜೀನೋಮಿನ ಆ ಭಾಗವೇ ಸರಿಯಾಗಿ ಜೋಡಣೆಯಾಗದೆ ಉಳಿದಿರಬಹುದು. ಮೊದಲು ಎಡಬಲದ ಜೀನುಗಳನ್ನು ಹುಡುಕಿ. ಅವೆರಡೂ ಒಂದೇ ತುಣುಕಿನಲ್ಲಿ ಸಿಕ್ಕು, ನಡುವಿನದು ಮುರಿದು ಬಿದ್ದಿದ್ದರೆ ಆಗ ಬಾಯಿ ಬಿಡಬಹುದು. ಕ್ರಿಸ್ಟಲಿನ್ ಜೀನುಗಳಲ್ಲಿ ಆಲ್ಫಾ, ಬೀಟಾ, ಗ್ಯಾಮಾ ಎಂಬ ಗುಂಪುಗಳಿವೆ; ದೊಡ್ಡ ತಲೆನೋವು ಗ್ಯಾಮಾ ಗುಂಪಿನದು. ಒತ್ತಾಗಿ ಕೂತ, ತದ್ರೂಪಿಗಳಂಥ ಜೀನುಗಳು. ಒಂದರ ಚೂರನ್ನು ಇನ್ನೊಂದಕ್ಕೆ ಅಂಟಿಸಿ ಕಂಪ್ಯೂಟರು ಇಲ್ಲದ ಜೀನನ್ನು ಹುಟ್ಟಿಸುತ್ತದೆ, ಇರುವುದನ್ನು ನುಂಗುತ್ತದೆ.

2. ಪ್ರೋಟೀನನ್ನು ನಡುವೆಯೇ ನಿಲ್ಲಿಸುವ ಒಂದು ಸ್ಟಾಪ್ ಕೋಡಾನ್ ಸಿಕ್ಕರೆ ಸಾಲದು, ಅದು ಓದಿನ ತಪ್ಪಿರಬಹುದು. ಯಂತ್ರ ಓದಿದ ಮೂಲ ತುಣುಕುಗಳಾದ ರೀಡ್‌ಗಳನ್ನು ತೆರೆದು ನೋಡಿ. ಹತ್ತಿರದ ಪ್ರಭೇದದಲ್ಲೂ ಅದೇ ಜಾಗದಲ್ಲಿ ಅದೇ ಮುರಿತವಿದ್ದರೆ ಧೈರ್ಯ ಬರುತ್ತದೆ.

3. ಕುರುಡು ಪ್ರಾಣಿಯಲ್ಲಿ ಎಲ್ಲವೂ ಸತ್ತಿರುತ್ತದೆ ಎಂದುಕೊಳ್ಳಬೇಡಿ. ಪೂರ್ವ ಮೆಡಿಟರೇನಿಯನ್ ಪ್ರದೇಶದ ಸ್ಪಾಲಾಕ್ಸ್ ಎಂಬ ಬಿಲದ ಇಲಿಯ ಕಣ್ಣು ಚರ್ಮದಡಿ ಮುಚ್ಚಿಹೋಗಿದೆ. 1987ರಲ್ಲಿ ಅದರ ಆಲ್ಫಾ-ಎ ಕ್ರಿಸ್ಟಲಿನ್ ಜೀನನ್ನು ಓದಿದವರಿಗೆ ಕಂಡದ್ದು ಹೆಣವಲ್ಲ. ಬೇರೆ ಇಲಿಗಳದಕ್ಕಿಂತ ಅದು ವೇಗವಾಗಿ ಬದಲಾಗಿತ್ತು, ಆದರೆ ಯಾವ ಹಿಡಿತವೂ ಇಲ್ಲದ ಜೀನಿನಷ್ಟಲ್ಲ. ಹಗಲಿನ ಉದ್ದವನ್ನು ಗುರುತಿಸಲು ಆ ಕಣ್ಣು ಇನ್ನೂ ಬೇಕಿರಬಹುದು, ಅಥವಾ ಆ ಪ್ರೋಟೀನಿಗೆ ಬೇರೆಡೆ ಕೆಲಸವಿರಬಹುದು ಎಂಬುದು ಅವರ ಊಹೆ.

4. ಹಾಗಾಗಿ ಜೀನಿಗೆ ಎಷ್ಟು ಕೆಲಸವಿದೆ ಎಂದು ಮೊದಲು ಕೇಳಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಆಲ್ಫಾ-ಬಿ ಮಸೂರಕ್ಕಷ್ಟೇ ಮೀಸಲಲ್ಲ. ಹೃದಯದಲ್ಲಿ, ಸ್ನಾಯುಗಳಲ್ಲಿ ಬೇರೆ ಪ್ರೋಟೀನುಗಳು ಕೆಡದಂತೆ ಕಾಯುತ್ತದೆ. ಅದನ್ನು ಕಳೆದುಕೊಳ್ಳುವುದು ಸುಲಭವಲ್ಲ. ಸ್ಪಾಲಾಕ್ಸ್ ಜೀನನ್ನು ಉಳಿಸಿಕೊಂಡಿದೆ. ಜೀನು ಎಲ್ಲಿ ಚಾಲೂ ಆಗಬೇಕೆಂದು ನಿರ್ಧರಿಸುವ ಅದರ ಪ್ರಮೋಟರ್ ಮಾತ್ರ ಮಸೂರದಲ್ಲಿ ಕೆಲಸ ನಿಲ್ಲಿಸಿ, ಸ್ನಾಯುವಿನಲ್ಲಿ ಮುಂದುವರಿಸಿದೆ. ಪ್ರೋಟೀನಿನ ಅಕ್ಷರಗಳನ್ನಷ್ಟೇ ಓದುವವರಿಗೆ ಈ ನಷ್ಟ ಕಾಣುವುದೇ ಇಲ್ಲ. ಇಂಥ ಬೇರೆ ಉದ್ಯೋಗ ಕಡಿಮೆಯಿರುವ ಬೀಟಾ, ಗ್ಯಾಮಾ ಜೀನುಗಳಲ್ಲೇ ನಾನು ಮೊದಲು ಮುರಿತ ಹುಡುಕುತ್ತೇನೆ.

5. ಒಂದೇ ವಂಶದ ಉದಾಹರಣೆ ನಂಬಬೇಡಿ. ಸ್ಪಾಲಾಕ್ಸ್, ಬೆತ್ತಲೆ ಮೋಲ್ ಇಲಿ, ನಕ್ಷತ್ರಮೂಗಿನ ಮೋಲ್, ದಕ್ಷಿಣ ಆಫ್ರಿಕಾದ ಗೋಲ್ಡನ್ ಮೋಲ್ ಬೇರೆ ಬೇರೆಯಾಗಿಯೇ ನೆಲದಡಿಗೆ ಇಳಿದವು. ಗೋಲ್ಡನ್ ಮೋಲ್ ಅಂತೂ ಇಲಿಗಿಂತ ಆನೆಗೆ ಹತ್ತಿರದ ನೆಂಟ! ನಾಲ್ಕರಲ್ಲೂ ಮಸೂರದ ಜೀನುಗಳು ಸಡಿಲಗೊಂಡಿದ್ದರೆ ಅದು ಕಾಕತಾಳೀಯವಲ್ಲ.

6. ಕತ್ತಲೆಗೆ ಇಳಿಯದವರನ್ನೂ ನೋಡಿ. ಇಲಿಯಲ್ಲಿ ಎ ಇಂದ ಎಫ್‌ವರೆಗಿನ ಆರು ಗ್ಯಾಮಾ ಜೀನುಗಳೂ ದುಡಿಯುತ್ತವೆ. ಮನುಷ್ಯರ ಎರಡನೇ ಕ್ರೋಮೋಸೋಮಿನಲ್ಲೂ ಆ ಸಾಲು ಇದೆ, ಆದರೆ ಅದರಲ್ಲಿ ಇ ಮತ್ತು ಎಫ್ ಎರಡೂ ಮುರಿದುಬಿದ್ದ ಹುಸಿ ಜೀನುಗಳು. ಗ್ಯಾಮಾ ಹೆಚ್ಚಿದ್ದಷ್ಟೂ ಮಸೂರ ಗಟ್ಟಿ. ಇಲಿಯದು ಗಟ್ಟಿ, ನಮ್ಮದು ದೂರಕ್ಕೂ ಹತ್ತಿರಕ್ಕೂ ಬಾಗಬೇಕಾದ ಮೆದು ಮಸೂರ. ಜೀನು ಮುರಿದದ್ದನ್ನೂ ಮಸೂರ ಮೆದುವಾಗಿರುವುದನ್ನೂ ಕಾರಣ-ಪರಿಣಾಮವಾಗಿ ಹೊಲಿದುಬಿಡುವ ಆಸೆ ನನಗೂ ಇದೆ. ಹೊಲಿಯುವ ಮುನ್ನ ಉಳಿದ ಪ್ರೈಮೇಟ್‌ಗಳ ಅದೇ ಸಾಲನ್ನು ಓದಬೇಕು.